ಸಣ್ಣ ಆಫೀಸಿನ ಬ್ಯಾಕಪ್‌ಗೆ ಯಾವುದು ಸರಿ: ಎರಡು ಹಾರ್ಡ್ ಡಿಸ್ಕ್, ನ್ಯಾಸ್ ಅಥವಾ ಕ್ಲೌಡ್?

ಮಂಗಳೂರು ಬಂದರಿನ ಒಂದು ಗೇರುಬೀಜ ವ್ಯಾಪಾರದ ಆಫೀಸು, ಹಂಪನಕಟ್ಟೆಯ ಒಂದು ಆಡಿಟರ್ ಆಫೀಸು, ಉಡುಪಿಯ ಒಂದು ಹಲ್ಲಿನ ಕ್ಲಿನಿಕ್, ಮಲ್ಪೆಯಲ್ಲಿ ಮೀನು ವ್ಯಾಪಾರದವರು. ಇಂಥ ಕಡೆ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ, "ಬ್ಯಾಕಪ್‌ಗೆ ಯಾವುದು ತಗೊಳ್ಳುವುದು ಮಾರಾಯ್ರೆ?" ಪೇಟೆಯಲ್ಲಿ ಸಿಗುವ ಮೂರು ದಾರಿಗಳನ್ನೂ ಈ ಆಫೀಸುಗಳಲ್ಲಿ ನಡೆಸಿ, ಇಟ್ಟ ಡೇಟಾವನ್ನು ವಾಪಸ್ ತೆಗೆದು ನೋಡಿದ್ದೇನೆ. ನಾನು ನೋಡುವುದು ಎರಡು ವಿಷಯ. ಒಂದು, ವೈರಸ್ ಹೊಕ್ಕ ಕಂಪ್ಯೂಟರಿನಿಂದ ಆ ಬ್ಯಾಕಪ್ಪನ್ನು ಮುಟ್ಟಲು ಆಗಬಾರದು. ಇನ್ನೊಂದು, ನಾನು ಊರಲ್ಲಿ ಇಲ್ಲದಾಗಲೂ ಅಕೌಂಟೆಂಟ್ ಅದನ್ನು ತೆರೆದು ಬಿಲ್ ಹಾಕುವಂತಿರಬೇಕು.

ಮೊದಲನೆಯದರ ಮೇಲೆ ಇಷ್ಟು ಒತ್ತು ಯಾಕೆ? ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ವೈರಸ್, ಕೆಲಸ ಮಾಡುವ ರೀತಿಯೇ ಹಾಗೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಹರಡಿದಾಗ ಜಗತ್ತೇ ನೋಡಿತು. ಅದು ಸಿ ಡ್ರೈವ್ ಒಂದನ್ನೇ ಹುಡುಕುವುದಿಲ್ಲ. ಚುಚ್ಚಿಟ್ಟ ಪೆನ್ ಡ್ರೈವ್, ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರ್, ಕೈಗೆ ಸಿಕ್ಕಿದ್ದನ್ನೆಲ್ಲ ಬೀಗ ಹಾಕುತ್ತದೆ. ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಳೇ ಪ್ರತಿಗಳನ್ನೂ ಅಳಿಸುತ್ತದೆ. ಹಾಗಾಗಿ ಸದಾ ಕಂಪ್ಯೂಟರಿಗೆ ಅಂಟಿಕೊಂಡೇ ಇರುವ ಹಾರ್ಡ್ ಡಿಸ್ಕನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಬಂದರಿನ ಆಫೀಸಿನಲ್ಲಿ ಹಾಕಿದ್ದು ಎರಡು ಹಾರ್ಡ್ ಡಿಸ್ಕ್. ಒಂದಕ್ಕೆ ಕೆಂಪು ಸ್ಟಿಕರ್, ಇನ್ನೊಂದಕ್ಕೆ ಹಸಿರು. ಸಂಜೆ ಟ್ಯಾಲಿ ಮುಚ್ಚಿದ ಮೇಲೆ ಅಕೌಂಟೆಂಟ್ ಡಿಸ್ಕ್ ಚುಚ್ಚುತ್ತಾರೆ. ವೀಮ್ ಕಂಪೆನಿಯ ಉಚಿತ ಏಜೆಂಟ್ ಅದನ್ನು ಗುರುತಿಸಿ ತಾನೇ ಬ್ಯಾಕಪ್ ಶುರು ಮಾಡುತ್ತದೆ, ಮುಗಿದ ಮೇಲೆ ತಾನೇ ಎಜೆಕ್ಟ್ ಮಾಡುತ್ತದೆ. ಈ ಎಜೆಕ್ಟ್ ಆಯ್ಕೆಗೆ ಸೆಟ್ಟಿಂಗಿನಲ್ಲಿ ಟಿಕ್ ಹಾಕಬೇಕು, ಮರೆಯಬೇಡಿ. ಆಮೇಲೆ ಡಿಸ್ಕ್ ಕಪಾಟಿಗೆ. ಶನಿವಾರ ಅದಲು ಬದಲು: ಒಂದು ಯಜಮಾನರ ಮನೆಗೆ ಹೋಗುತ್ತದೆ, ಮನೆಯಲ್ಲಿದ್ದದ್ದು ಆಫೀಸಿಗೆ ಬರುತ್ತದೆ.

ವಾಪಸ್ ತೆಗೆಯುವ ಪರೀಕ್ಷೆ ಹೀಗೆ ಮಾಡಿದೆವು. ಒಂದು ಹಳೇ ಲ್ಯಾಪ್‌ಟಾಪ್ ಇಟ್ಟು, ಅಕೌಂಟೆಂಟ್ ಕೈಯಲ್ಲೇ ಡಿಸ್ಕ್ ಕೊಟ್ಟು, ನಾನು ಬದಿಯಲ್ಲಿ ಸುಮ್ನೆ ಕೂತೆ. ಅವರು ವೀಮ್‌ನಲ್ಲಿ ಬ್ಯಾಕಪ್ ತೆರೆದು, ಡೇಟಾ ಫೋಲ್ಡರ್ ಹುಡುಕಿ, ನಕಲು ಮಾಡಿ, ಟ್ಯಾಲಿಯಲ್ಲಿ ಅದರ ದಾರಿ ತೋರಿಸಿ ಕಂಪೆನಿ ತೆರೆದರು. ಹಿಂದಿನ ಸಂಜೆ ಪ್ರಿಂಟ್ ತೆಗೆದಿಟ್ಟ ಟ್ರಯಲ್ ಬ್ಯಾಲೆನ್ಸ್ ಜೊತೆ ಸಾಲು ಸಾಲಾಗಿ ತಾಳೆ ನೋಡಿದರು. ಕೊನೆಯ ವೋಚರ್ ಸಹಿತ ಎಲ್ಲ ಸರಿ ಇತ್ತು. ಯುಎಸ್‌ಬಿ 3 ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೆ 200 ಜಿಬಿಗೆ ಸುಮಾರು 35 ನಿಮಿಷ ಸಾಕು. ಈ ಸರಳತೆಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಕೊರತೆಯೂ ಇದೆ. ಅಕೌಂಟೆಂಟ್ ರಜೆಯಲ್ಲಿದ್ದರೆ ಡಿಸ್ಕ್ ಕಪಾಟಿನಲ್ಲೇ ಇರುತ್ತದೆ. ಬಸ್ಸಿನಲ್ಲಿ ಬಿಟ್ಟುಹೋದರೆ ಎಲ್ಲರ ಲೆಕ್ಕ ಯಾರದೋ ಕೈಯಲ್ಲಿ. ಅದಕ್ಕೆ ಬಿಟ್‌ಲಾಕರ್, ಅಂದರೆ ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲು ಆಗದಂತೆ ಮಾಡುವ ವಿಂಡೋಸಿನ ಬೀಗ, ಹಾಕಲೇಬೇಕು. ಹಾಕಲು ವಿಂಡೋಸ್ ಪ್ರೊ ಬೇಕು, ಹೋಮ್ ಇದ್ದವರು ವೆರಾಕ್ರಿಪ್ಟ್ ಬಳಸಬಹುದು. ಇನ್ನು ನಮ್ಮ ಉಪ್ಪು ಗಾಳಿ. ಮಲ್ಪೆಯ ಆಫೀಸಿನಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಯುಎಸ್‌ಬಿ ತುದಿ ಹಸಿರು ಹಿಡಿದಿತ್ತು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿ ಜೊತೆ ಇಡುತ್ತಾರೆ.

ನ್ಯಾಸ್ ಅಂದರೆ ಎರಡು ಡಿಸ್ಕ್ ಹಾಕಿದ, ನೆಟ್‌ವರ್ಕಿಗೆ ಕಟ್ಟಿದ ಪೆಟ್ಟಿಗೆ. ಡಿಸ್ಕ್ ಸೇರಿ ನಲವತ್ತು ಸಾವಿರ ದಾಟುತ್ತದೆ. ಆಡಿಟರ್ ಆಫೀಸಿನಲ್ಲಿ ಇದನ್ನು ನಡೆಸಿದ್ದೇನೆ. ಅನುಕೂಲಕ್ಕೆ ಇದೇ ಮೇಲು. ಯಾರೂ ಏನೂ ಚುಚ್ಚಬೇಕಿಲ್ಲ, ಅಳಿಸಿಹೋದ ಎಕ್ಸೆಲ್ ಫೈಲನ್ನು ಎರಡೇ ನಿಮಿಷದಲ್ಲಿ ಹಿಂದಿನ ದಿನದ ಸ್ನ್ಯಾಪ್‌ಶಾಟ್‌ನಿಂದ (ಫೈಲುಗಳು ಆ ಹೊತ್ತಿಗೆ ಇದ್ದಂತೆ ಪೆಟ್ಟಿಗೆ ಉಳಿಸಿಟ್ಟ ಸ್ಥಿತಿಯಿಂದ) ತೆಗೆದುಕೊಡಬಹುದು. ಆದರೆ ಮಾರುವವರು ಹೇಳುವ ಒಂದು ಮಾತು ನನಗೆ ಒಪ್ಪಿಗೆ ಇಲ್ಲ: "ರೇಡ್ ಇದೆಯಲ್ಲ, ಇನ್ನೇನು ಭಯ?" ರೇಡ್ 1 ಎರಡೂ ಡಿಸ್ಕಿಗೆ ಒಂದೇ ಸಲ ಬರೆಯುತ್ತದೆ. ಒಂದು ಡಿಸ್ಕ್ ಕೆಟ್ಟರೆ ಉಳಿಸುತ್ತದೆ, ನಿಜ. ಫೈಲ್ ಅಳಿಸಿದರೆ ಎರಡರಲ್ಲೂ ಅಳಿಸುತ್ತದೆ.

ಪೆಟ್ಟಿಗೆಯನ್ನು ಇಂಟರ್‌ನೆಟ್‌ಗೆ ತೆರೆದಿಟ್ಟರೆ ಇನ್ನೂ ಅಪಾಯ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್ ಹೀಗೆ ತೆರೆದಿದ್ದ ಕ್ಯೂನ್ಯಾಪ್ ಕಂಪೆನಿಯ ನ್ಯಾಸ್ ಪೆಟ್ಟಿಗೆಗಳನ್ನೇ ಹುಡುಕಿ ಬೀಗ ಹಾಕಿತ್ತು. ಮನೆಯಿಂದ ಫೈಲ್ ನೋಡಬೇಕು ಅಂದರೆ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಗುಪ್ತ ದಾರಿ) ಹಾಕಿ, ಹೊರಗಿನವರು ನೇರ ಒಳಗೆ ಬರುವಂತೆ ರೌಟರಿನಲ್ಲಿ ಪೋರ್ಟ್ ತೆರೆಯಬೇಡಿ.

ಮತ್ತೆ ನಮ್ಮ ಕರಾವಳಿಯ ಸಿಡಿಲು. ಏಪ್ರಿಲ್, ಮೇ ಸಂಜೆಯ ಗುಡುಗಿಗೆ ಯುಪಿಎಸ್ ಒಂದೇ ಸಾಕಾಗುವುದಿಲ್ಲ, ಲ್ಯಾನ್ ಕೇಬಲ್ ದಾರಿಯಲ್ಲೂ ವಿದ್ಯುತ್ ನುಗ್ಗುತ್ತದೆ. ಕಂಪ್ಯೂಟರ್, ಸ್ವಿಚ್, ನ್ಯಾಸ್ ಎಲ್ಲ ಒಂದೇ ಕೋಣೆಯಲ್ಲಿ, ಒಂದೇ ತಂತಿಯಲ್ಲಿ ಇದ್ದರೆ ಒಂದೇ ಹೊಡೆತಕ್ಕೆ ಹೋಗಬಹುದು. ಕಪಾಟಿನಲ್ಲಿದ್ದ ಹಸಿರು ಸ್ಟಿಕರಿನ ಡಿಸ್ಕಿಗೆ ಆ ಭಯ ಇಲ್ಲ.

ಕ್ಲೌಡ್‌ಗೆ ಬರುವ ಮೊದಲು ಒಂದು ಮಾತು. ಗೂಗಲ್ ಡ್ರೈವ್‌ಗೆ ಫೋಲ್ಡರ್ ಸಿಂಕ್ ಮಾಡಿ "ಕ್ಲೌಡ್ ಬ್ಯಾಕಪ್ ಇದೆ" ಅನ್ನುವವರು ತುಂಬ ಜನ. ಇಲ್ಲಿ ಫೈಲ್ ಕೆಟ್ಟರೆ ಸಿಂಕ್ ಆ ಕೆಟ್ಟ ಫೈಲನ್ನೇ ಮೇಲೆ ಕಳಿಸುತ್ತದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟೇ. ನಾನು ಹೋಲಿಸುತ್ತಿರುವುದು ಅದನ್ನಲ್ಲ.

ಉಡುಪಿಯ ಕ್ಲಿನಿಕ್‌ನಲ್ಲಿ ಹಾಕಿದ್ದು ಡುಪ್ಲಿಕಾಟಿ ಎಂಬ ಉಚಿತ ಬ್ಯಾಕಪ್ ಸಾಫ್ಟ್‌ವೇರ್, ಫೈಲ್ ಇಡಲು ಅಮೆಜಾನಿನ ಕ್ಲೌಡ್ ಸೇವೆ ಎಸ್3ಯ ಮುಂಬಯಿ ಜಾಗ. ಬಕೆಟ್‌ಗೆ, ಅಂದರೆ ಅಲ್ಲಿ ನಮ್ಮ ಫೈಲ್ ಇರುವ ಡಬ್ಬಿಗೆ, ಆಬ್ಜೆಕ್ಟ್ ಲಾಕ್ ಎಂಬ ಬೀಗ ಹಾಕಿದ್ದೇವೆ. ಅದರ ಕಂಪ್ಲಾಯನ್ಸ್ ಬಗೆಯಲ್ಲಿ ಅವಧಿ ಮುಗಿಯುವ ತನಕ ಆ ಖಾತೆಯ ಯಜಮಾನರೇ ಬಂದರೂ ಫೈಲ್ ಅಳಿಸಲು ಆಗುವುದಿಲ್ಲ. ಪಾಸ್‌ವರ್ಡ್ ಕದ್ದವನಿಗೂ ಆಗುವುದಿಲ್ಲ. ನನ್ನ ಮೊದಲ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲುವುದು ಇನ್ನೊಂದಿಲ್ಲ.

ಎರಡನೆಯದರಲ್ಲಿ ಮಾತ್ರ ಸೋಲುತ್ತದೆ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ 200 ಜಿಬಿ ಮೊದಲ ಸಲ ಮೇಲೆ ಹೋಗಲು 22 ಗಂಟೆ ಬೇಕು, ಅದೂ ಮಧ್ಯೆ ನೆಟ್ ಕಡಿಯದಿದ್ದರೆ. ಜೂನ್, ಜುಲೈಯಲ್ಲಿ ಗಾಳಿಗೆ ಕೊಂಬೆ ಬಿದ್ದು ಫೈಬರ್ ತುಂಡಾಗುವುದು ಇಲ್ಲಿ ಹೊಸತಲ್ಲ. ಅದಕ್ಕೇ ಮೊದಲ ಅಪ್‌ಲೋಡ್ ಬೇಸಗೆಯಲ್ಲೇ ಮುಗಿಸಿ. ಹೊಸ ಕಂಪ್ಯೂಟರಿನಲ್ಲಿ ವಾಪಸ್ ತೆಗೆಯುವಾಗ ಡುಪ್ಲಿಕಾಟಿ ಮೊದಲು ತನ್ನ ಪಟ್ಟಿಯನ್ನೇ ಮರಳಿ ಕಟ್ಟಿಕೊಳ್ಳುತ್ತದೆ, ಅದಕ್ಕೇ ಬಹಳ ಹೊತ್ತು. ಇಳಿಸುವಾಗ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ದುಡ್ಡು. ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಕಳೆದರೆ ಯಾರಿಂದಲೂ ತೆರೆಯಲು ಆಗದು. ಅದನ್ನು ಕಾಗದದಲ್ಲಿ ಬರೆದು ಡಾಕ್ಟರರ ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೇವೆ. ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಒಬ್ಬರೇ ಈ ಕೆಲಸ ಮಾಡಬಲ್ಲರಾ? ಇಲ್ಲ.

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೊಂದು ಲೆಕ್ಕವೂ ಇದೆ. ಕಂಪೆನಿ ಲೆಕ್ಕಪತ್ರಗಳ ನಿಯಮಕ್ಕೆ 2022ರ ಆಗಸ್ಟ್‌ನಲ್ಲಿ ಆದ ತಿದ್ದುಪಡಿ ಪ್ರಕಾರ ಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನಾಲೂ ಇರಬೇಕು. ಹೊರದೇಶದಲ್ಲಿ ಮಾತ್ರ ಸರ್ವರ್ ಇರುವ ಅಗ್ಗದ ಕ್ಲೌಡ್ ಸೇವೆ ಅಲ್ಲಿಗೆ ಹೊರಗೆ. ಮುಂಬಯಿ ಜಾಗ ಆರಿಸಿದ್ದು ಅದಕ್ಕೂ ಹೌದು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಡಬೇಕು. ಹಾಗಾಗಿ ವರ್ಷಕ್ಕೊಮ್ಮೆ, ಮಾರ್ಚ್ ಲೆಕ್ಕ ಮುಗಿದ ಮೇಲೆ, ಒಂದು ಪ್ರತಿ ಬೇರೆ ಡಿಸ್ಕಿಗೆ ಹಾಕಿ ಎತ್ತಿಡುವುದು ಒಳ್ಳೆಯದು.

ಮೂರು, ನಾಲ್ಕು ಕಂಪ್ಯೂಟರಿನ ಆಫೀಸಿಗೆ ನಾನು ಹೇಳುವುದು: ಮೊದಲು ಎರಡು ಡಿಸ್ಕ್ ತಗೊಳ್ಳಿ, ನಾಳೆಯೇ. ಒಂದು ತಿಂಗಳು ಆ ಅಭ್ಯಾಸ ಕೂತ ಮೇಲೆ ಟ್ಯಾಲಿ ಮತ್ತು ಬಿಲ್ಲಿನ ಫೋಲ್ಡರುಗಳನ್ನಷ್ಟೇ ಲಾಕ್ ಇರುವ ಕ್ಲೌಡ್‌ಗೆ ಹಾಕಿ. ಅಷ್ಟು ಫೈಲ್ ಕೆಲವೇ ಜಿಬಿ ಇರುತ್ತದೆ, ಮಳೆಗಾಲದ ನೆಟ್ಟಿಗೂ ಭಾರ ಆಗುವುದಿಲ್ಲ, ಬಿಲ್ಲೂ ಜಾಸ್ತಿ ಬರುವುದಿಲ್ಲ. ನ್ಯಾಸ್‌ಗೆ ಇಡುವ ದುಡ್ಡನ್ನು ಅಷ್ಟರ ತನಕ ಕೈಯಲ್ಲಿಟ್ಟುಕೊಳ್ಳಿ.

ಬೈಕಂಪಾಡಿಯ ಕಾರ್ಖಾನೆಗಳಂತೆ ಹತ್ತಾರು ಜನ ಒಂದೇ ಡ್ರಾಯಿಂಗ್, ಒಂದೇ ಫೈಲ್ ಬಳಸುವ ಕಡೆ ನ್ಯಾಸ್ ಬೇಕೇ ಬೇಕು. ಆಗ ಅದರ ಅಡ್ಮಿನ್ ಪಾಸ್‌ವರ್ಡ್ ಯಾವ ಆಫೀಸ್ ಕಂಪ್ಯೂಟರಿನ ಬ್ರೌಸರಿನಲ್ಲೂ ಸೇವ್ ಆಗಿರಬಾರದು, ಎರಡು ಹಂತದ ಲಾಗಿನ್ ಇರಬೇಕು, ಸ್ನ್ಯಾಪ್‌ಶಾಟ್ ಚಾಲೂ ಇರಬೇಕು. ಆಡಿಟರ್ ಆಫೀಸಿನಲ್ಲಿ ನ್ಯಾಸ್ ಉಳಿಸಿಕೊಂಡಿದ್ದೇವೆ, ಆದರೆ ಅದರಿಂದಲೂ ಶನಿವಾರ ಒಂದು ಪ್ರತಿ ಡಿಸ್ಕಿಗೆ ಇಳಿಯುತ್ತದೆ, ಆ ಡಿಸ್ಕ್ ಸಂಜೆ ಕದ್ರಿಯ ಮನೆಗೆ ಹೋಗುತ್ತದೆ.