ಕಾಲೇಜ್ ಸಾಕರ್ ರಿಕ್ರೂಟಿಂಗ್ ಸರ್ವೀಸ್: ನೈಂತ್ ಗ್ರೇಡಿಂದ ಟ್ವೆಲ್ತ್ ತನಕ ದುಡ್ಡು ಕಟ್ಟಿದವರ ವಿಮರ್ಶೆ, ಐದಕ್ಕೆ ಎರಡೂವರೆ ಸ್ಟಾರ್

ಯಾವ ಕಂಪನಿ ಅಂತ ಹೆಸರು ಹಾಕಲ್ಲ, ಹಾಕೋ ಅಗತ್ಯಾನೂ ಇಲ್ಲ, ಈ ಥರದ್ದು ಸುಮಾರಿವೆ, ಎಲ್ಲಾ ಹೆಚ್ಚುಕಮ್ಮಿ ಒಂದೇ ಸಾಮಾನು ಮಾರ್ತವೆ. ಅಮೆರಿಕದಲ್ಲಿ ಮಗು ಕ್ಲಬ್ ಸಾಕರ್ ಆಡ್ತಿದ್ರೆ ಹೈಸ್ಕೂಲ್ ಶುರುವಾಗೋ ಹೊತ್ತಿಗೆ ಇವರ ಫೋನ್ ಬಂದೇ ಬರತ್ತೆ. ನಾವಿರೋದು ನಾರ್ತ್ ಕೆರೊಲೈನಾದ ಕ್ಯಾರಿಲಿ. ಮಗಳು ಲೆಫ್ಟ್ ಬ್ಯಾಕ್, ಅಂದ್ರೆ ಎಡಗಡೆ ಡಿಫೆಂಡರ್, 2026ರಲ್ಲಿ ಹೈಸ್ಕೂಲ್ ಮುಗಿಸೋ ಬ್ಯಾಚು. ನಡುವಿನ ಪ್ಯಾಕೇಜ್ ತಗೊಂಡ್ವಿ, ಕಂತಲ್ಲಿ ಕಟ್ಟಿ ಕಟ್ಟಿ ಮೂರು ಸಾವಿರ ಡಾಲರ್ ಹತ್ರ ಹೋಯ್ತು. ಈಗ ಒಂದು ಡಿವಿಷನ್ 3 ಕಾಲೇಜಿಗೆ (ಇಲ್ಲಿ ಕಾಲೇಜ್ ಆಟಕ್ಕೆ ಮೂರು ಡಿವಿಷನ್, 1 ಅನ್ನೋದು ಎಲ್ಲಕ್ಕಿಂತ ಮೇಲಿಂದು) ಆಡಕ್ಕೆ ಹೋಗ್ತಿದಾಳೆ. ಈ ಸರ್ವೀಸಿಂದಾನೇ ಸಿಕ್ತಾ ಅಂದ್ರೆ ಇಲ್ಲ, ಹಾಗಂತ ಪೂರ್ತಿ ದಂಡಾನಾ ಅಂದ್ರೆ ಹಾಗೂ ಹೇಳಕ್ಕಾಗಲ್ಲ.

ನಮ್ಮತ್ತೆ ಹಾಸನದಿಂದ ಫೋನ್ ಮಾಡಿದಾಗೆಲ್ಲ, ನಮ್ಮಲ್ಲಿ ಸಿಇಟಿಲಿ ಸ್ಪೋರ್ಟ್ಸ್ ಕೋಟಾ ಇರತ್ತಲ್ಲ ಹಂಗೇನಾಮ್ಮಾ ಅಂತ ಕೇಳೋರು. ಹಂಗಲ್ಲ. ಅಲ್ಲಿ ಸರ್ಟಿಫಿಕೇಟ್ ತೋರಿಸ್ಬೇಕು, ಯಾವ ಮಟ್ಟದಲ್ಲಿ ಆಡಿದೀರೋ ಅದರ ಮೇಲೆ ಪಟ್ಟಿ ಆಗತ್ತೆ, ಪಟ್ಟೀಲಿ ಹೆಸರು ಮೇಲಿದ್ರೆ ಸೀಟು. ಇಲ್ಲಿ ಪಟ್ಟಿ ಅನ್ನೋದೇ ಇಲ್ಲ. ಆ ಕಾಲೇಜಿನ ಕೋಚಿಗೆ ಆ ವರ್ಷ ಎಡಗಾಲಿನ ಡಿಫೆಂಡರ್ ಬೇಕಾಗಿದ್ರೆ ಉಂಟು, ಬೇಡವಾಗಿದ್ರೆ ನೀವು ಸ್ಟೇಟ್ ಚಾಂಪಿಯನ್ ಆದ್ರೂ ಇಲ್ಲ. ಈ ಸರ್ವೀಸ್‌ನವರು ಮಾರೋದು ಏನಪ್ಪಾ ಅಂದ್ರೆ, ಆ ಕೋಚ್ ಕಣ್ಣಿಗೆ ನಿಮ್ಮ ಮಗು ಬೀಳೋ ಹಾಗೆ ಮಾಡ್ತೀವಿ ಅನ್ನೋ ಮಾತು.

ಸೇಲ್ಸ್ ಕಾಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು, ಅವರ ಕಸುಬೆಲ್ಲಾ ಅಲ್ಲೇ ಇರೋದು. ಝೂಮಲ್ಲಿ ಮಗು ಕೂತಿರಲೇಬೇಕು ಅಂತಾರೆ, ಅಪ್ಪ ಅಮ್ಮ ಮಾತ್ರ ಇದ್ರೆ ಮುಂದಕ್ಕೆ ಹಾಕ್ತಾರೆ. ಕಾಲೇಜಲ್ಲಿ ಆಡಿದ್ದ ಹುಡುಗ ಒಬ್ಬ, ತುಂಬಾ ನಯವಾಗಿ ಮಾತಾಡ್ತಾನೆ. ನನ್ನ ಮಗಳನ್ನ ಕೇಳ್ದ, ಕಾಲೇಜಲ್ಲಿ ಆಡ್ಬೇಕು ಅಂತ ಹತ್ತಕ್ಕೆ ಎಷ್ಟು ಆಸೆ ಇದೆ ನಿಂಗೆ ಅಂತ. ಹದಿನಾಲ್ಕು ವರ್ಷದ ಹುಡುಗಿ ಏನನ್ನತ್ತೆ, ಹತ್ತು ಅಂದ್ಲು. ತಕ್ಷಣ ನಮ್ಮ ಕಡೆ ತಿರುಗಿ, ಈ ಹತ್ತಕ್ಕೆ ನೀವಿಬ್ರೂ ಜೊತೆಗಿದೀರಾ ಅಂದ. ಅವಳ ಮುಂದೆ ಇಲ್ಲ ಅನ್ನೋದು ಹೇಗೆ ರೀ. ಆಮೇಲೆ ಮೂರು ಪ್ಯಾಕೇಜು, ಇವತ್ತೇ ಸೇರಿದ್ರೆ ಡಿಸ್ಕೌಂಟು. ಒಂದು ಕ್ಲಿಪ್ಪೂ ನೋಡದೆ ಇವಳಿಗೆ ಡಿವಿಷನ್ 1 ಪೊಟೆನ್ಷಿಯಲ್ ಇದೆ ಅಂತ ಸರ್ಟಿಫಿಕೇಟ್ ಬೇರೆ. ಹೈಸ್ಕೂಲಲ್ಲಿ ಸಾಕರ್ ಆಡೋ ಹುಡುಗಿಯರಲ್ಲಿ ನೂರಕ್ಕೆ ಏಳೆಂಟು ಜನ ಮಾತ್ರ ಯಾವುದಾದ್ರೂ ಒಂದು ಎನ್‌ಸಿಎಎ (ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ) ಡಿವಿಷನ್ನಲ್ಲಿ ಆಡ್ತಾರೆ, ಡಿವಿಷನ್ 1ಕ್ಕೆ ಎರಡು ಚಿಲ್ಲರೆ, ಇದು ಎನ್‌ಸಿಎಎ ತಾನೇ ಹಾಕಿರೋ ಲೆಕ್ಕ. ಆ ಲೆಕ್ಕ ಮಾತ್ರ ಆ ಸೇಲ್ಸ್ ಕಾಲಲ್ಲಿ ಬರಲ್ಲ.

ಸೇರಿದ ಮೇಲೆ ಏನು ಸಿಗತ್ತೆ? ಪ್ರೊಫೈಲ್ ಪೇಜು, ಕೋಚ್‌ಗಳ ಇಮೇಲ್ ಇರೋ ಡೇಟಾಬೇಸು, ಇಮೇಲ್ ಟೆಂಪ್ಲೇಟು, ಒಂದು ಹೈಲೈಟ್ ವಿಡಿಯೋ, ತಿಂಗಳಿಗೊಂದು ಅಡ್ವೈಸರ್ ಫೋನ್ ಕಾಲ್, ಮತ್ತೆ ದಿನಾ ಫೋನಿಗೆ ಬರೋ ನೋಟಿಫಿಕೇಷನ್ನು. ಕೋಚ್ ನಿಮ್ಮ ಪ್ರೊಫೈಲ್ ನೋಡಿದ್ರು, ಇನ್ನೊಂದು ಕಾಲೇಜ್ ಆಸಕ್ತಿ ತೋರ್ಸಿದೆ, ಹೀಗೆ. ಮೊದಮೊದಲು ಮನೇಲಿ ಹಬ್ಬ. ಆಮೇಲೆ ಗೊತ್ತಾಯ್ತು ಆ ಆಸಕ್ತಿ ಅನ್ನೋದು ಮುಕ್ಕಾಲು ಪಾಲು ಐಡಿ ಕ್ಯಾಂಪಿನ, ಅಂದ್ರೆ ಕಾಲೇಜ್ ಕೋಚ್‌ಗಳು ದುಡ್ಡು ತಗೊಂಡು ನಡೆಸೋ ಕ್ಯಾಂಪಿನ, ಜಾಹೀರಾತು ಅಂತ. ಇದನ್ನ ಸರಿಯಾಗಿ ತಿಳ್ಕೊಳ್ಳಿ: ಸಾಕರಲ್ಲಿ ಡಿವಿಷನ್ 1, ಡಿವಿಷನ್ 2 ಕೋಚ್‌ಗಳು ಟೆಂತ್ ಗ್ರೇಡ್ ಮುಗಿದ ಜೂನ್ 15ಕ್ಕೆ ಮುಂಚೆ ಮಗು ಜೊತೆ ರಿಕ್ರೂಟಿಂಗ್ ಮಾತಾಡೋ ಹಾಗಿಲ್ಲ, ಆದ್ರೆ ಕ್ಯಾಂಪಿನ ಕರಪತ್ರ ಕಳಿಸ್ಬೋದು, ಅದಕ್ಕೆ ಅಡ್ಡಿ ಇಲ್ಲ. ಹಾಗಾಗಿ ನೈಂತ್, ಟೆಂತಲ್ಲಿ ಬರೋ ಇಮೇಲೆಲ್ಲಾ ಹೆಚ್ಚಾಗಿ ಕ್ಯಾಂಪಿಂದೇ. ನೂರಾರು ಡಾಲರ್ ಕಟ್ಟಿ ಹೋದ್ರೆ ಮಗು ಎದೆಗೆ ಒಂದು ನಂಬರ್ ಇರೋ ಮೇಲಂಗಿ ಹಾಕಿ ನೂರು ಮಕ್ಕಳ ಜೊತೆ ಓಡಿಸ್ತಾರೆ. ಕೋಚ್‌ಗಳಿಗೆ ಅದು ಬೇಸಿಗೆ ಸಂಪಾದನೆ. ಎಲ್ಲಾ ಕ್ಯಾಂಪೂ ಸುಳ್ಳು ಅಂತಲ್ಲ, ಕೋಚಿಗೆ ನಿಮ್ಮ ಮಗು ಹೆಸರು ಮೊದಲೇ ಗೊತ್ತಿದ್ದು ಬಾ ನೋಡೋಣ ಅಂದಿದ್ರೆ ಹೋಗ್ಬೇಕು, ಆಗ ಅದು ನಿಜವಾದ ಟ್ರಯಲ್. ನಮ್ಮ ಸರ್ವೀಸ್ ಮಾತ್ರ ಎರಡನ್ನೂ ಒಂದೇ ಹಸಿರು ಚುಕ್ಕೆ ಹಾಕಿ ತೋರಿಸ್ತಿತ್ತು.

ಟೆಂಪ್ಲೇಟ್ ಕಥೆ ಇನ್ನೂ ಚೆನ್ನಾಗಿದೆ. ಒಂದು ಬಟನ್ ಒತ್ತಿದ್ರೆ ಐವತ್ತು ಕಾಲೇಜಿಗೆ ಮೇಲ್ ಹೋಗೋ ಫೀಚರ್ ಇದೆ, ಅಡ್ವೈಸರ್ರೇ ಅದನ್ನ ಬಳಸಿ ಅಂದಿದ್ದು. ಅದ್ರಲ್ಲಿ ಕಾಲೇಜ್ ಹೆಸರು ಅದೇ ತುಂಬ್ಕೊಳತ್ತೆ. ಒಂದು ಕಡೆ ಹೆಸರು ಸರಿ ಇತ್ತು, ಕೆಳಗೆ ನಾನು ನಿಮ್ಮ ಟೀಮಿನ ದೊಡ್ಡ ಅಭಿಮಾನಿ ಅನ್ನೋ ಸಾಲಲ್ಲಿ ಪಕ್ಕದ ಊರಿನ ಎದುರಾಳಿ ಕಾಲೇಜಿನ ಹೆಸರು ತುಂಬ್ಕೊಂಡಿತ್ತು. ಆ ಅಸಿಸ್ಟೆಂಟ್ ಕೋಚ್ ಪಾಪ ಒಳ್ಳೇವ್ರು, ಸ್ಮೈಲಿ ಹಾಕಿ ರಿಪ್ಲೈ ಮಾಡಿದ್ರು. ಸಪೋರ್ಟ್‌ಗೆ ಬರೆದ್ರೆ ಟಿಕೆಟ್ ನಂಬರ್ ಬಂತು, ಉತ್ತರ ಬರ್ಲಿಲ್ಲ.

ವಿಡಿಯೋ ಬಗ್ಗೆ ನಂಗೆ ಇನ್ನೂ ಸಿಟ್ಟಿದೆ. ಅವರ ಎಡಿಟರ್ ಮಾಡಿಕೊಟ್ಟ ಹೈಲೈಟಲ್ಲಿ ಗೋಲ್, ಗೋಲ್, ಪೆನಾಲ್ಟಿ, ಮೇಲೆ ಢಂಢಂ ಅನ್ನೋ ಮ್ಯೂಸಿಕ್. ಹುಡುಗಿ ಲೆಫ್ಟ್ ಬ್ಯಾಕ್ ರೀ, ಡಿಫೆಂಡ್ ಮಾಡೋದೇ ಇಲ್ಲ ಆ ವಿಡಿಯೋದಲ್ಲಿ! ಒಬ್ಬ ಕೋಚ್ ನೇರವಾಗಿ ಬರೆದ್ರು, ಇದು ಬೇಡ, ಒಂದು ಮ್ಯಾಚ್ ಪೂರ್ತಿ ಕಳಿಸು ಅಂತ. ಪುಣ್ಯಕ್ಕೆ ಟೀಮ್ ಹತ್ರ ವಿಯೋ ಕ್ಯಾಮೆರಾ ಇತ್ತು, ಅದು ಗ್ರೌಂಡ್ ಪೂರ್ತಿ ರೆಕಾರ್ಡ್ ಮಾಡಿ, ಆಮೇಲೆ ಚೆಂಡಿನ ಹಿಂದೆ ತಾನೇ ಹೋಗೋ ಹಾಗೆ ಪೂರ್ತಿ ಮ್ಯಾಚಿನ ವಿಡಿಯೋ ಮಾಡಿಕೊಡತ್ತೆ. ಮಗಳು ರಜದಲ್ಲಿ ಕೂತು ತಾನೇ ಕಟ್ ಮಾಡಿದ್ಲು, ನಾಲ್ಕು ನಿಮಿಷದೊಳಗೆ, ಮ್ಯೂಸಿಕ್ ಇಲ್ಲ, ಪ್ರತಿ ಕ್ಲಿಪ್ ಶುರುವಲ್ಲಿ ತಾನ್ಯಾರು ಅಂತ ತಲೆ ಮೇಲೆ ಒಂದು ಬಾಣ. ಮೊದಲ ಅರ್ಧ ನಿಮಿಷದಲ್ಲೇ ವಿಂಗರ್ (ಪಕ್ಕದಿಂದ ನುಗ್ಗೋ ಆಟಗಾರ್ತಿ) ಎದುರು ಒಬ್ಬಳೇ ನಿಂತು ಚೆಂಡು ಕಿತ್ಕೊಳ್ಳೋದು, ಹಿಂದೆ ಬಿದ್ದಾಗ ಅರ್ಧ ಗ್ರೌಂಡ್ ವಾಪಸ್ ಓಡಿ ಬರೋದು, ಓವರ್‌ಲ್ಯಾಪ್ ಹೋಗಿ ಎಡಗಾಲಲ್ಲಿ ಕ್ರಾಸ್ ಹಾಕೋದು. ಬಲಗಾಲಿನ ಪಾಸ್ ಎರಡು ಇರ್ಲಿ ಅಂತ ಅವಳ ಕ್ಲಬ್ ಕೋಚ್ ಹೇಳಿ ಹಾಕ್ಸಿದ್ರು. ಇದು ಹೋದ್ಮೇಲೆನೇ ಕೋಚ್‌ಗಳು ಪ್ರಶ್ನೆ ಕೇಳಿ ಬರೆಯಕ್ಕೆ ಶುರು ಮಾಡಿದ್ದು.

ಇಮೇಲೂ ಅಷ್ಟೇ. ಕಾಲೇಜ್ ಕೋಚ್‌ಗಳು ನೋಡಕ್ಕೆ ಬರೋ ಶೋಕೇಸ್ ಟೂರ್ನಮೆಂಟಿಗೆ ಹತ್ತು ದಿನ ಇರೋವಾಗ ಅವಳೇ ಬರೀತಿದ್ಲು, ಸಬ್ಜೆಕ್ಟ್ ಲೈನಲ್ಲೇ ಗ್ರಾಜುಯೇಷನ್ ವರ್ಷ, ಪೊಸಿಷನ್, ಕ್ಲಬ್, ಜೆರ್ಸಿ ನಂಬರ್, ಒಳಗೆ ಯಾವ ಫೀಲ್ಡು ಎಷ್ಟು ಗಂಟೆ, ಜಿಪಿಎ, ನಿಮ್ಮ ಕಾಲೇಜಲ್ಲಿ ನಾನು ಓದಬೇಕು ಅಂದ್ಕೊಂಡಿರೋ ವಿಷಯ ಇದು ಅಂತ ಎರಡೇ ಸಾಲು. ಅಪ್ಪ ಅಮ್ಮ ಬರೆದ ಮೇಲ್ ಕೋಚ್‌ಗಳಿಗೆ ವಾಸನೆಲೇ ಗೊತ್ತಾಗತ್ತೆ. ಟೂರ್ನಮೆಂಟಲ್ಲಿ ಕೋಚ್‌ಗಳು ಸೈಡ್‌ಲೈನಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು, ಕಾಲೇಜ್ ಲೋಗೋ ಜಾಕೆಟ್ ಹಾಕ್ಕೊಂಡು ಕೂತಿರ್ತಾರೆ, ಅವರ ಹಾಳೇಲಿ ಮೊದಲೇ ಹೆಸರು ಬರ್ಕೊಂಡು ಬಂದಿರ್ತಾರೆ, ಆ ಹಾಳೇಲಿ ಇಲ್ದಿದ್ರೆ ಕಷ್ಟ. ನಮ್ಮ ಕ್ಲಬ್ಬಲ್ಲಿ ಕಾಲೇಜ್ ವಿಚಾರ ನೋಡ್ಕೊಳ್ಳೋ ಕೋಆರ್ಡಿನೇಟರ್ ಒಬ್ರು ಇದಾರೆ, ಅವರು ಮಾಡೋ ಒಂದು ಫೋನು ಈ ಸರ್ವೀಸಿನ ಸಾವಿರ ಮೇಲಿಗೆ ಸಮ, ಯಾಕಂದ್ರೆ ಕೋಚ್ ಕೇಳೋದು ಅವಳು ಪ್ರಾಕ್ಟೀಸ್ ತಪ್ಪಿಸ್ತಾಳಾ, ಬೆಂಚಲ್ಲಿ ಕೂರಿಸಿದ್ರೆ ಮುಖ ಊದಿಸ್ಕೊಳ್ತಾಳಾ ಅಂತ, ಪ್ರೊಫೈಲ್ ಪೇಜಲ್ಲಿ ಅದೆಲ್ಲಿರತ್ತೆ. ಅದೂ ಅಲ್ಲದೆ 2019ರಲ್ಲಿ ಆ ಅಡ್ಮಿಷನ್ ಹಗರಣ ಹೊರಗೆ ಬಂತಲ್ಲ, ಯೇಲ್‌ನ ಹುಡುಗಿಯರ ಸಾಕರ್ ಕೋಚೇ ಲಂಚ ತಗೊಂಡು ಆಟ ಆಡದೇ ಇರೋ ಹುಡುಗಿನ ರಿಕ್ರೂಟ್ ಅಂತ ತೋರಿಸಿದ್ದು, ಅಂಥಾದ್ದು ನಡೆದ ಮೇಲೆ ಪ್ರೊಫೈಲನ್ನ ಯಾರು ನಂಬ್ತಾರೆ.

2024ರ ಜೂನ್ 15, ಕೋಚ್‌ಗಳು ಅವಳ ಜೊತೆ ಮಾತಾಡ್ಬೋದಾದ ಮೊದಲ ದಿನ. ಇಲ್ಲಿ ಮಕ್ಕಳು ಹಿಂದಿನ ರಾತ್ರಿ ಹನ್ನೆರಡಾಗೋದನ್ನೇ ಕಾಯ್ತಾರೆ, ಮೊದಲ ಮೆಸೇಜ್ ಆಗ್ಲೇ ಬರತ್ತೆ ಕೆಲವರಿಗೆ. ಟೀಮಲ್ಲಿ ಇಬ್ರು ಹುಡುಗಿಯರ ಫೋನ್ ಬೆಳಗಿನ ತನಕ ನಿಲ್ಲಲೇ ಇಲ್ವಂತೆ. ನಮ್ಮನೇಲಿ ಬಂದಿದ್ದು ಒಂದೇ ಮೆಸೇಜು, ಬಲೂನ್ ಚಿತ್ರ ಹಾಕಿ ಹ್ಯಾಪಿ ಜೂನ್ ಫಿಫ್ಟೀನ್ತ್ ಅಂತ, ಈ ಸರ್ವೀಸಿಂದ. ಕೆಳಗೆ ಪ್ರೀಮಿಯಂಗೆ ಅಪ್‌ಗ್ರೇಡ್ ಮಾಡಿ ಅನ್ನೋ ಬಟನ್ನು. ಅವತ್ತು ಅಡ್ವೈಸರ್ ಫೋನ್ ಮಾಡಿ ಒಂದು ಮಾತಾಡಿದ್ರೆ ಇನ್ನೊಂದು ಸ್ಟಾರ್ ಕೊಡ್ತಿದ್ದೆ. ಅಡ್ವೈಸರ್ ಅಷ್ಟೊತ್ತಿಗೆ ಬದಲಾಗಿದ್ರು, ಹೊಸಬರಿಗೆ ಅವಳ ಪೊಸಿಷನ್ನೇ ಗೊತ್ತಿರ್ಲಿಲ್ಲ.

ಈ ಊರಲ್ಲಿರೋ ಮಕ್ಕಳಿಗೆ ಇನ್ನೊಂದು ಕಷ್ಟ ಅಂದ್ರೆ ಪಕ್ಕದಲ್ಲೇ ಚಾಪೆಲ್ ಹಿಲ್ ಇರೋದು, ಅಲ್ಲಿನ ಯೂನಿವರ್ಸಿಟಿ ಯುಎನ್‌ಸಿಯ ಹುಡುಗಿಯರು 2024ರ ಡಿಸೆಂಬರಲ್ಲಿ ನಮ್ಮ ಕ್ಯಾರಿ ಸ್ಟೇಡಿಯಮ್ಮಲ್ಲೇ 22ನೇ ಎನ್‌ಸಿಎಎ ಪಟ್ಟ ಗೆದ್ದಿದ್ದು. ಅದನ್ನ ನೋಡಿ ಬೆಳೆದ ಮಗುಗೆ ಡಿವಿಷನ್ 3 ಅಂದ್ರೆ ಮುಖ ಸಪ್ಪಗಾಗತ್ತೆ. ಅವಳದ್ದಿರ್ಲಿ, ನಮ್ಮ ಜನದ್ದೇ ನೋಡಿ, ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಲ್ಲಿ ಒಬ್ರು, ಓ ಡಿವಿಷನ್ ತ್ರೀನಾ, ಪರವಾಗಿಲ್ಲ ಬಿಡಿ ಅಂದ್ರು. ಎಂಐಟಿ ಸಾಕರ್ ಟೀಮು ಡಿವಿಷನ್ 3 ರೀ. ಕಾರ್ನೆಗಿ ಮೆಲನ್, ಯೂನಿವರ್ಸಿಟಿ ಆಫ್ ಶಿಕಾಗೋ, ಎಮೊರಿ, ಜಾನ್ಸ್ ಹಾಪ್ಕಿನ್ಸ್, ಎಲ್ಲಾ ಸಾಕರಲ್ಲಿ ಅದೇ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ ನಿಜ, ಓದಿಗೆ ಮತ್ತೆ ಮನೆ ಆದಾಯ ನೋಡಿ ಕೊಡೋದಷ್ಟೇ. ಆದ್ರೆ ಡಿವಿಷನ್ 1ಲ್ಲೂ ಫುಲ್ ರೈಡ್ (ಪೂರ್ತಿ ಖರ್ಚಿನ ಸ್ಕಾಲರ್‌ಶಿಪ್) ಅನ್ನೋದು ಸಾಕರಲ್ಲಿ ಅಪರೂಪ, ಹುಡುಗಿಯರ ಟೀಮಿಗೆ 14 ಸ್ಕಾಲರ್‌ಶಿಪ್ ಅಂತ ಮಿತಿ ಇದ್ದ ಕಾಲದಲ್ಲಿ ಅದನ್ನೇ ಟೀಮಿನವರಿಗೆಲ್ಲಾ ಚೂರು ಚೂರು ಹಂಚೋರು. ಕ್ಲಬ್ ಫೀಸು, ಹೋಟೆಲು, ಫ್ಲೈಟು ಸೇರಿಸಿ ಕೂಡಿಸಿದ್ರೆ ಆ ಚೂರಿಗಿಂತ ನಾವು ಸುರಿದಿದ್ದೇ ಜಾಸ್ತಿ ಆಗತ್ತೋ ಏನೋ, ನಮ್ಮನೆಯವ್ರು ಎಕ್ಸೆಲಲ್ಲಿ ಶುರು ಮಾಡಿ ಅರ್ಧಕ್ಕೇ ಫೈಲ್ ಮುಚ್ಚಿಬಿಟ್ರು.

ಸರ್ವೀಸ್ ನಿಜವಾಗ್ಲೂ ಕೈ ಕೊಟ್ಟಿದ್ದು ನಿಯಮ ಬದಲಾದಾಗ. 2024ರ ಅಕ್ಟೋಬರಲ್ಲೇ ಎನ್‌ಸಿಎಎ ಆ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ (ಈ ಕಾಲೇಜಿಗೇ ಬರ್ತೀನಿ ಅಂತ ಮಗು ಸಹಿ ಹಾಕೋ ಪತ್ರ) ಅನ್ನೋದನ್ನ ತೆಗೆದುಹಾಕ್ತು, ಇವರ ಕ್ಯಾಲೆಂಡರಲ್ಲಿ ತಿಂಗಳುಗಟ್ಟಲೆ ಆಮೇಲೂ ಅದಕ್ಕೆ ರಿಮೈಂಡರ್ ಬರ್ತಿತ್ತು. 2025ರ ಜೂನಲ್ಲಿ ಹೌಸ್ ಕೇಸಿನ (ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಕೇಸು) ಸೆಟ್ಲ್‌ಮೆಂಟ್ ಕೋರ್ಟಲ್ಲಿ ಪಾಸಾಯ್ತು, ಸ್ಕಾಲರ್‌ಶಿಪ್ ಮಿತಿ ಹೋಗಿ ರೋಸ್ಟರ್ ಮಿತಿ, ಅಂದ್ರೆ ಟೀಮಲ್ಲಿ ಇಷ್ಟೇ ಜನ ಅನ್ನೋ ಮಿತಿ ಬಂತು, ಒಪ್ಕೊಂಡ ಕಾಲೇಜಲ್ಲಿ ಸಾಕರಿಗೆ 28 ಜನ ಅಷ್ಟೇ. ಮೊದಲು ಮೂವತ್ತು, ಮೂವತ್ತೆರಡು ಇಟ್ಕೊಳ್ತಿದ್ದ ಟೀಮುಗಳಲ್ಲಿ ಕೊನೆ ಜಾಗಗಳು ಹೋದ್ವು, ಮತ್ತೆ ಆ ಕೊನೆ ಜಾಗಗಳೇ ನಮ್ಮಂಥ ಮಕ್ಕಳಿಗೆ ಸಿಗ್ತಿದ್ದಿದ್ದು. ಅದ್ರ ಮೇಲೆ, ಆಡೋರು ಕಾಲೇಜ್ ಬದಲಾಯ್ಸೋ ಟ್ರಾನ್ಸ್‌ಫರ್ ಪೋರ್ಟಲ್ಲು, ಬೇರೆ ಕಾಲೇಜಲ್ಲಿ ಎರಡು ಸೀಸನ್ ಆಡಿರೋ ಇಪ್ಪತ್ತು ವರ್ಷದವಳು ಸಿಗೋವಾಗ ಹೈಸ್ಕೂಲ್ ಹುಡುಗಿ ಯಾಕೆ ಬೇಕು ಕೋಚಿಗೆ. ಇವಳ ಜೊತೆ ಚೆನ್ನಾಗಿ ಮಾತಾಡ್ತಿದ್ದ ಒಂದು ಡಿವಿಷನ್ 1 ಕೋಚ್ ಆ ಬೇಸಿಗೇಲಿ ಫೋನ್ ಮಾಡಿ ಇದನ್ನೇ ನೇರವಾಗಿ ಹೇಳಿದ್ರು, ಜಾಗ ಇಲ್ಲಮ್ಮಾ ಅಂತ. ಅವರ ಬಗ್ಗೆ ನಂಗೆ ಗೌರವಾನೇ ಇದೆ. ನಮ್ಮ ಅಡ್ವೈಸರ್ ಅವತ್ತಿನ ಫೋನ್ ಕಾಲಲ್ಲೂ ಇನ್ನೂ ಇಪ್ಪತ್ತು ಡಿವಿಷನ್ 1 ಕಾಲೇಜ್ ಪಟ್ಟಿಗೆ ಸೇರಿಸಿ ಅಂತಿದ್ರು.

ಡಿವಿಷನ್ 3 ದಾರಿ ಬೇರೆ ಥರ, ಸರ್ವೀಸಲ್ಲಿ ಯಾರೂ ಬಿಡಿಸಿ ಹೇಳ್ಲಿಲ್ಲ. ಕೋಚಿಗೆ ಇಷ್ಟ ಆದ್ರೆ ಟ್ವೆಲ್ತ್ ಶುರುವಾಗೋಕೆ ಮುಂಚಿನ ಬೇಸಿಗೇಲಿ ಮಾರ್ಕ್ಸ್ ಕಾರ್ಡು, ಎಸ್‌ಎಟಿ ಸ್ಕೋರು, ಮುಂದಿನ ವರ್ಷ ತಗೊಳ್ಳೋ ಕೋರ್ಸ್ ಪಟ್ಟಿ ಕೇಳ್ತಾರೆ. ಅದನ್ನ ಅಡ್ಮಿಷನ್ ಆಫೀಸಿಗೆ ಕೊಟ್ಟು ಈ ಹುಡುಗಿ ಅರ್ಜಿ ಹಾಕಿದ್ರೆ ಹೆಂಗೆ ಅಂತ ಮುಂಚೆನೇ ಕೇಳಿ ನೋಡ್ತಾರೆ, ಪ್ರೀ ರೀಡ್ ಅಂತಾರೆ ಇದನ್ನ. ಸರಿ ಅಂದ್ರೆ ಅರ್ಲಿ ಡಿಸಿಷನ್ (ಸಿಕ್ಕಿದ್ರೆ ಇಲ್ಲೇ ಸೇರ್ತೀನಿ ಅಂತ ಮೊದಲೇ ಹಾಕೋ ಅರ್ಜಿ) ಹಾಕು, ನಾನು ಸಪೋರ್ಟ್ ಮಾಡ್ತೀನಿ ಅಂತಾರೆ. ಗ್ಯಾರಂಟಿ ಅಲ್ಲ, ಆದ್ರೆ ತುಂಬಾ ಭಾರ ಇಳಿಯತ್ತೆ. ಇವಳಿಗೆ ಸಿಕ್ಕಿದ್ದು ಹೀಗೆ. ಈಗ ಅವಳು ಸೇರ್ತಿರೋ ಕಾಲೇಜಿನ ಕೋಚ್ ಅವಳ ಒಂದು ಮ್ಯಾಚಿಗೆ ಬಂದಿದ್ದು ಎದುರು ಟೀಮಿನ ವಿಂಗರ್ ನೋಡಕ್ಕೆ, ಅವಳನ್ನ ಮ್ಯಾಚ್ ಪೂರ್ತಿ ಕಟ್ಟಿಹಾಕಿದ್ದು ನಮ್ಮವಳು.

ಹಾಗಾದ್ರೆ ಎರಡೂವರೆ ಸ್ಟಾರ್ ಯಾವುದಕ್ಕೆ? ಡೇಟಾಬೇಸ್ ಚೆನ್ನಾಗಿದೆ, ಅಸಿಸ್ಟೆಂಟ್ ಕೋಚ್ ಬದಲಾದ್ರೂ ಬೇಗ ಅಪ್‌ಡೇಟ್ ಆಗತ್ತೆ, ಕೈಯಲ್ಲಿ ಹುಡುಕಿದ್ರೆ ವಾರಗಟ್ಟಲೆ ಕೆಲಸ. ಮತ್ತೆ ಮೊದಲನೇ ಅಡ್ವೈಸರ್, ಆ ಹೆಂಗಸು ಬುದ್ಧಿವಂತೆ, ಡಿವಿಷನ್ 1ಕ್ಕೆ 16 ಕೋರ್ ಕೋರ್ಸು (ಎನ್‌ಸಿಎಎ ಒಪ್ಪಿರೋ ಹೈಸ್ಕೂಲ್ ವಿಷಯ), ಅದ್ರಲ್ಲಿ 2.3 ಜಿಪಿಎ ಬೇಕು ಅಂತ ನೈಂತಲ್ಲೇ ಕೂರಿಸ್ಕೊಂಡು ಹೇಳಿದ್ರು, ಬೇಸಿಗೇಲಿ ಆನ್‌ಲೈನಲ್ಲಿ ತಗೋಬೇಕು ಅಂತಿದ್ದ ಒಂದು ಕೋರ್ಸು ಎನ್‌ಸಿಎಎ ಪಟ್ಟೀಲಿಲ್ಲ ಅಂತ ಹುಡುಕಿ ತಪ್ಪಿಸಿದ್ರು. ನಿಮ್ಮ ಕ್ಲಬ್ಬಲ್ಲಿ ಕಾಲೇಜ್ ಕೋಆರ್ಡಿನೇಟರ್ ಇಲ್ಲ, ಶೋಕೇಸ್‌ಗೆ ಹೋಗೋ ಲೀಗೂ ಅಲ್ಲ ಅಂದ್ರೆ ಕಡಿಮೆ ಪ್ಯಾಕೇಜ್ ತಗೊಂಡು ಡೇಟಾಬೇಸ್ ಬಳಸ್ಕೊಳ್ಳಿ. ಇಸಿಎನ್‌ಎಲ್, ಗರ್ಲ್ಸ್ ಅಕಾಡೆಮಿ ಥರದ ಶೋಕೇಸ್ ಇರೋ ದೊಡ್ಡ ಲೀಗಲ್ಲಿ ಇದ್ರೆ ಬೇಕಾಗಲ್ಲ, ಕಾಲೇಜ್ ವೆಬ್‌ಸೈಟಲ್ಲಿ ರಿಕ್ರೂಟಿಂಗ್ ಕ್ವೆಶ್ಚನೇರ್ ಫ್ರೀಯಾಗೇ ಇರತ್ತೆ, ತುಂಬಿ.

ತಗೊಳ್ಳೋದೇ ಆದ್ರೆ ಒಂದು ಗಮನ ಇರ್ಲಿ, ತಿಂಗಳ ಕಂತು ಅಂತಾರಲ್ಲ ಅದು ಸಬ್‌ಸ್ಕ್ರಿಪ್ಷನ್ ಅಲ್ಲ, ಇಎಂಐ. ಮಗು ಮಂಡಿ ಮುರ್ಕೊಂಡು ಆಟ ಬಿಟ್ರೂ ಪೂರ್ತಿ ಕಟ್ಟಬೇಕು, ನಮ್ಮ ಕಾಂಟ್ರ್ಯಾಕ್ಟಲ್ಲಿ ಹಾಗೇ ಇತ್ತು. ಮೊನ್ನೆ ಮಗನ ಹೆಸರಲ್ಲಿ ಅದೇ ಕಂಪನಿ ಫೋನ್ ಬಂತು. ಡಿವಿಷನ್ 1ಲ್ಲಿ ಹುಡುಗಿಯರ ಟೀಮ್ ಮುನ್ನೂರಕ್ಕೂ ಮೇಲಿದ್ರೆ ಹುಡುಗರದ್ದು ಇನ್ನೂರು ಚಿಲ್ಲರೆ, ಅದ್ರಲ್ಲೂ ಯೂರೋಪಿಂದ ಬಂದ ದೊಡ್ಡ ಹುಡುಗರು ತುಂಬ್ಕೊಂಡಿದಾರೆ, ಇವನಿಗೆ ಚಾನ್ಸ್ ಇನ್ನೂ ಕಮ್ಮಿ ಅಲ್ವೇನಪ್ಪಾ ಅಂದೆ. ಹೌದು ಮ್ಯಾಮ್ ಅಂದ. ಮತ್ತೆ ಪ್ಯಾಕೇಜ್ ರೇಟು ಕಮ್ಮಿ ಇದೆಯಾ ಅಂದೆ. ಇಲ್ಲ, ಅದೇ ರೇಟಂತೆ.