ಔಟ್‌ಟರ್ನ್ ಪಕ್ಕಾ, ಹವಾಮಾನ ಕಚ್ಚಾ: ಕಾಫಿ ಆಫೀಸಿನ ಆಡಿಯೊ ಧಾರಾವಾಹಿ

ಮದುವೆಯಾದ ಕಾಫಿ ವ್ಯಾಪಾರಿ, ಅವರ ಕುಶಾಲನಗರದ ಆಫೀಸಿನ ಸೆಕ್ರೆಟರಿ, ಇಬ್ಬರ ನಡುವೆ ಗುಟ್ಟಿನ ಪ್ರೀತಿ. ಕತೆ ಹೇಳುವ ಆ್ಯಪ್‌ಗಳಲ್ಲಿ ಈ ಸರಕಿಗೆ ಬರವಿಲ್ಲ. ಆದರೂ ಈ ಧಾರಾವಾಹಿಗೆ ಕಿವಿ ಕೊಡಬಹುದು, ಬರೆದವರಿಗೆ ಕಾಫಿ ವ್ಯಾಪಾರದ ಒಳಲೆಕ್ಕ ಗೊತ್ತಿದೆ.

ನಾಲ್ಕನೇ ಕಂತನ್ನೇ ನೋಡಿ. ತೋಟದ ಲೆಕ್ಕ ನೋಡುವ ರೈಟರ್ ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಸ್ಯಾಂಪಲ್ ತಂದಿಡುತ್ತಾನೆ. 500 ಗ್ರಾಂ ಸಿಪ್ಪೆ ಬಿಡಿಸಿ ತೂಗಿದರೆ ಬೀಜ 280 ಗ್ರಾಂ, ಅಂದರೆ 50 ಕೆಜಿ ಮೂಟೆಗೆ 28 ಕೆಜಿ. ಮೂಟೆಗೆ ಸಿಗುವ ಈ ಬೀಜದ ತೂಕವೇ ಔಟ್‌ಟರ್ನ್. ಅದನ್ನು 28 ಎಂದು ಬರೆಯಬೇಕಾದಲ್ಲಿ ಸಾಹುಕಾರರು ಚೀಟಿಯಲ್ಲಿ 26 ಗೀಚುತ್ತಾರೆ. ಬೀಜಕ್ಕೆ ಕೆಜಿಗೆ 200 ರೂಪಾಯಿ ಹಿಡಿದರೂ ಮೂಟೆಗೆ 400, ನೂರು ಮೂಟೆಗೆ 40,000 ರೂಪಾಯಿ ಬೆಳೆಗಾರನ ಕೈತಪ್ಪಿತು. ಸೆಕ್ರೆಟರಿ ತಕ್ಕಡಿಯನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡುತ್ತಾಳೆ. ತುಟಿ ಬಿಚ್ಚದೆ ಚೀಟಿಗೆ ಪಂಚ್ ಹೊಡೆದು ಫೈಲಿಗೆ ಸೇರಿಸುತ್ತಾಳೆ. ಮಾರನೇ ದಿನ ಕ್ಯಾಶ್ ಪುಸ್ತಕ ಅವಳ ಟೇಬಲ್ಲಿಗೆ ಬರುತ್ತದೆ. ಮುಂದಿನ ಪ್ರೇಮವೆಲ್ಲ ಈ ಚೀಟಿಯಿಂದಲೇ ಹುಟ್ಟುತ್ತದೆ, ಭಯವೂ ಅಲ್ಲಿಂದಲೇ. ಒಂದೇ ಕೊರತೆ, ತೇವಾಂಶ ಅಳೆಯುವ ಮೀಟರಿನ ಸುದ್ದಿಯೇ ಇಲ್ಲ. ಒಣ ಚೆರಿಯಲ್ಲಿ ತೇವ ಶೇ. 11 ದಾಟಿದರೆ ತೂಕ ಸುಳ್ಳು ಹೇಳುತ್ತದೆ. ಆ ನೆಪ ಹೇಳಿಸಿದ್ದರೆ 26ರ ಮೋಸಕ್ಕೆ ರೈಟರ್ ಕೂಡ ತಲೆದೂಗುತ್ತಿದ್ದ.

ಕತೆ ಆಫೀಸಿನ ಹೊಸಿಲು ದಾಟಿದ ಕೂಡಲೇ ಹಳಿ ತಪ್ಪುತ್ತದೆ. ಜುಲೈ ಮಳೆಯಲ್ಲಿ ಪ್ರಣಯ ನಡೆಯುವಾಗ ಹಿನ್ನೆಲೆಯಲ್ಲಿ ಒಣಗಿಸುವ ಕಣದಲ್ಲಿ ಕಾಫಿ ಎಳೆಯುವ ಸದ್ದು! ರೊಬಸ್ಟಾ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿದಿರುತ್ತದೆ, ಜುಲೈಯಲ್ಲಿ ಕಣದ ತುಂಬ ಪಾಚಿ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕಾಫಿ ಹೂವಿನ ಘಮವಂತೆ. ಹುತ್ತರಿ ಬರುವುದು ನವೆಂಬರ್-ಡಿಸೆಂಬರ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದು ಬೇಸಿಗೆಯಲ್ಲಿ. ಇನ್ನು ಗುಟ್ಟಾಗಿ ಸೇರಲು ಇವರಿಗೆ ಸಿಕ್ಕ ಜಾಗ ಸೂರ್ಯಾಸ್ತದ ಹೊತ್ತಿನ, ಪ್ರವಾಸಿಗರು ತುಂಬಿರುವ ಮಡಿಕೇರಿಯ ರಾಜಾಸೀಟ್. ಯಾರ ಜೀಪು ಎಲ್ಲಿ ನಿಂತಿತ್ತು ಅನ್ನುವುದು ದೀಪ ಹಚ್ಚುವ ಮೊದಲೇ ಗೋಣಿಕೊಪ್ಪ ಮುಟ್ಟುವ ಊರಿದು.

ಕಾನೂನಂತೂ ಪೂರ್ತಿ ತಲೆಕೆಳಗು. ಗಂಡನಿಗೆ ಐದು ವರ್ಷ ಜೈಲು ಮಾಡಿಸುತ್ತೇನೆ ಎಂದು ವಕೀಲರು ಹೆಂಡತಿಗೆ ಮಾತು ಕೊಡುತ್ತಾರೆ. ವ್ಯಭಿಚಾರವನ್ನು ಅಪರಾಧ ಎನ್ನುತ್ತಿದ್ದ ಐಪಿಸಿ 497ನೇ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದೇ ರದ್ದು ಮಾಡಿದೆ. ಅದು ಜಾರಿಯಲ್ಲಿದ್ದಾಗಲೂ ಶಿಕ್ಷೆ ಇದ್ದದ್ದು ಪರರ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಗಂಡಸಿಗೆ. ಇಲ್ಲಿನ ಸೆಕ್ರೆಟರಿಗೆ ಮದುವೆಯೇ ಆಗಿಲ್ಲ. ಹೆಂಡತಿ ವಿಚ್ಛೇದನ ಕೇಳಬಹುದು, ಅದಕ್ಕೆ ವ್ಯಭಿಚಾರ ಈಗಲೂ ಕಾರಣವಾಗುತ್ತದೆ. ಕೊನೆಯಲ್ಲಿ ಸೆಕ್ರೆಟರಿ ಬೇಡ ಅಂದ ಮೇಲೂ ಸಾಹುಕಾರರು ಸಂಬಳ ತಡೆದು ಪೀಡಿಸುತ್ತಾರಲ್ಲ, ನಿಜವಾದ ಕೇಸು ಅಲ್ಲಿತ್ತು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಮಾಲೀಕರ ಮೇಲಿನ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಬರೆದವರು ಅದನ್ನು ಬಿಟ್ಟು ಅವಳನ್ನು ಬೆಂಗಳೂರು ಬಸ್ಸು ಹತ್ತಿಸಿ ಕೈತೊಳೆದುಕೊಂಡಿದ್ದಾರೆ.

ಧ್ವನಿ ಚೆನ್ನಾಗಿದೆ, ರೈಟರನದ್ದಂತೂ ಅಸಲು. ಓದುವ ವೇಗ ನಿಧಾನ, 1.25ಕ್ಕೆ ಇಟ್ಟರೆ ಹದ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಕೈಕೊಡುವುದರಿಂದ ಕಂತುಗಳನ್ನು ವೈಫೈ ಇದ್ದಾಗಲೇ ಇಳಿಸಿಕೊಳ್ಳಿ. ಮೊದಲ ಕಂತುಗಳು ಪುಕ್ಕಟೆ, ಆಮೇಲೆ ಚಂದಾ. ಚಂದಾ ನಿಲ್ಲಿಸಲು ಕತೆಯ ಆ್ಯಪ್ ಡಿಲೀಟ್ ಮಾಡಿದರೆ ಸಾಲದು, ದುಡ್ಡು ಕಡಿತವಾಗುತ್ತಲೇ ಇರುತ್ತದೆ. ಯುಪಿಐ ಮೂಲಕ ಕಟ್ಟಿದ್ದರೆ ಆ ಯುಪಿಐ ಆ್ಯಪ್‌ನ ಆಟೋಪೇ ವಿಭಾಗ ತೆರೆದು, ಈ ಚಂದಾ ಕಡಿತಕ್ಕೆ ಕೊಟ್ಟ ಒಪ್ಪಿಗೆ (ಮ್ಯಾಂಡೇಟ್) ಹುಡುಕಿ, ಪಿನ್ ಹಾಕಿ ರದ್ದು ಮಾಡಿ.