ಹಾರ್ನ್ಸ್ಟುಲ್‌ನ ಹಳೇ ರೆಕಾರ್ಡ್ ಅಂಗಡಿ: ಗೆದ್ದ ಹಾಡುಗಳಿಗೇ ಒಂದು ಪೆಟ್ಟಿಗೆ

ಸ್ಟಾಕ್‌ಹೋಮ್‌ಗೆ ಬಂದ ನಮ್ಮ ಕಡೆಯವರು "ಇಲ್ಲಿಂದ ಏನು ತಗೊಂಡು ಹೋಗಲಿ?" ಅಂತ ಕೇಳಿದರೆ ನಾನು ಹಾರ್ನ್ಸ್ಟುಲ್‌ನ ಈ ಅಂಗಡಿಗೇ ಕಳಿಸುತ್ತೇನೆ. ಕಿಸ್ತಾದಿಂದ ಮೆಟ್ರೊದ ನೀಲಿ ಲೈನು ಹತ್ತಿ, ಟಿ-ಸೆಂಟ್ರಾಲೆನ್‌ನಲ್ಲಿ ಕೆಂಪು ಲೈನಿಗೆ ಬದಲಾಯಿಸಿಕೊಂಡರೆ ಆಯಿತು. ಬೋರ್ಡಿನ ಮೇಲೆ ‘ಸ್ಕಿವೋರ್’ ಅಂತಷ್ಟೇ ಬರೆದಿದೆ. ಸ್ವೀಡಿಷ್‌ನಲ್ಲಿ ಹಾಗಂದರೆ ರೆಕಾರ್ಡುಗಳು. ನಾಲ್ಕು ಮೆಟ್ಟಿಲು ಕೆಳಗಿಳಿಯಬೇಕು, ಬಾಗಿಲು ಸ್ವಲ್ಪ ತಗ್ಗು.

ಜಾಝ್, ರಾಕ್ ಎಲ್ಲ ಇದೆ. ಅವು ಬೇರೆ ಕಡೆಯೂ ಸಿಗುತ್ತವೆ. ನಾನು ಹೋಗೋದು ಕೌಂಟರ್ ಪಕ್ಕದಲ್ಲಿರೋ ಒಂದು ಮರದ ಪೆಟ್ಟಿಗೆಗಾಗಿ. ಯೂರೋಪಿನ ದೇಶಗಳು ವರ್ಷಕ್ಕೊಮ್ಮೆ ಒಂದೊಂದು ಹಾಡು ಕಳಿಸಿ ಪೈಪೋಟಿ ಮಾಡುವ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಗೆದ್ದ ಹಾಡುಗಳ ಏಳಿಂಚಿನ ರೆಕಾರ್ಡುಗಳು ಅದರಲ್ಲಿವೆ, ವರ್ಷದ ಪ್ರಕಾರ. ಪ್ರತಿ ವರ್ಷಕ್ಕೂ ಒಂದು ರಟ್ಟಿನ ಚೀಟಿ. ಅದರ ಮೇಲೆ ಪೆನ್ಸಿಲ್‌ನಲ್ಲಿ ವರ್ಷ, ಊರು, ಗೆದ್ದ ದೇಶ. ಮೊದಲ ಚೀಟಿ 1956, ಲುಗಾನೊ, ಸ್ವಿಟ್ಜರ್ಲೆಂಡ್. ಆ ವರ್ಷ ಏಳೇ ದೇಶ ಬಂದಿದ್ದವು, ಗೆದ್ದವರು ಲಿಸ್ ಆಸಿಯಾ. ಆ ಚೀಟಿಯ ಹಿಂದೆ ಮಾತ್ರ ಯಾವಾಗಲೂ ಖಾಲಿ.

ಇಲ್ಲಿನವರಿಗೆ ಈ ಸ್ಪರ್ಧೆ ಅಂದರೆ ನಮಗೆ ವಿಶ್ವಕಪ್ ಫೈನಲ್ ಇದ್ದ ಹಾಗೆ. ಸ್ವೀಡನ್ ಏಳು ಸಲ ಗೆದ್ದಿದೆ, ಐರ್ಲೆಂಡ್ ಕೂಡ ಏಳು ಸಲ.

ಅಂಗಡಿಯವರಿಗೆ ಅರವತ್ತು ದಾಟಿದೆ. ಮಾತು ಕಮ್ಮಿ, ತಾಳ್ಮೆ ಜಾಸ್ತಿ. ರೆಕಾರ್ಡು ಕೈಗೆ ಕೊಟ್ಟರೆ ಅಂಚಿನಲ್ಲಿ ಮಾತ್ರ ಹಿಡಿದು, ಮೇಜಿನ ದೀಪದ ಕೆಳಗೆ ಓರೆ ಮಾಡಿ ನೋಡುತ್ತಾರೆ. ಗೀರು ಇದ್ದರೆ ಬೆರಳಲ್ಲಿ ತೋರಿಸಿ, ಅಲ್ಲೇ ಬೆಲೆ ಇಳಿಸುತ್ತಾರೆ. ಆಮೇಲೆ ಬ್ರಷ್‌ನಿಂದ ಧೂಳು ತೆಗೆದು, ನಡುವಿನ ದೊಡ್ಡ ತೂತಿಗೆ ಪ್ಲಾಸ್ಟಿಕ್ ಬಿಲ್ಲೆ ಕೂರಿಸಿ, ಮುಳ್ಳು ಇಡುತ್ತಾರೆ. ಎರಡೂ ಬದಿ ಪೂರ್ತಿ ಕೇಳಬಹುದು. ತಗೊಳ್ಳದಿದ್ದರೂ ಮುಖ ಸಣ್ಣದು ಮಾಡಿಕೊಳ್ಳೋದಿಲ್ಲ.

ಇದು ನನಗೆ ಯಾಕೆ ಮುಖ್ಯ ಅಂದರೆ, ಮೊದಲೊಮ್ಮೆ ಆನ್‌ಲೈನ್‌ನಲ್ಲಿ ಒಬ್ಬರಿಂದ 1967ರ ವಿಜೇತೆ ಸ್ಯಾಂಡಿ ಶಾ ಅವರ ರೆಕಾರ್ಡು ತರಿಸಿದ್ದೆ. ವಿಯೆನ್ನಾದಲ್ಲಿ ಬರಿಗಾಲಲ್ಲಿ ನಿಂತು ಹಾಡಿ ಬ್ರಿಟನ್‌ಗೆ ಮೊದಲ ಗೆಲುವು ತಂದುಕೊಟ್ಟವರು ಅವರು. ಕವರು ಹೊಸದರ ಹಾಗಿತ್ತು, ಒಳಗಿನ ರೆಕಾರ್ಡು ಹಪ್ಪಳದ ಹಾಗೆ ಡೊಂಕು. ಫೋಟೊದಲ್ಲಿ ಕವರು ಮಾತ್ರ ತೋರಿಸಿದ್ದರು. ಅವತ್ತಿಂದ ಕೇಳದೆ ಒಂದನ್ನೂ ತಗೊಂಡಿಲ್ಲ.

ಹೋದ ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಿದ್ದರು. ಮೊಣಕಾಲು ನೋವು, ಆದರೂ ಮೆಟ್ಟಿಲು ಇಳಿದರು. ಅಂಗಡಿಯವರು ತಮ್ಮ ಸ್ಟೂಲನ್ನೇ ಕೊಟ್ಟರು. ನಾನು 1964ರ ರೆಕಾರ್ಡು ಹಾಕಿಸಿದೆ. ಇಟಲಿಯ ಜಿಲ್ಯೋಲಾ ಚಿಂಕ್ವೆತ್ತಿ, ಹಾಡು ‘ನೋನ್ ಓ ಲೆತಾ’. ಕೋಪನ್‌ಹೇಗನ್‌ನಲ್ಲಿ ಗೆದ್ದಾಗ ಅವರಿಗೆ 16 ವರ್ಷ. ಆ ರಾತ್ರಿಯ ಪೂರ್ತಿ ವಿಡಿಯೊ ಉಳಿದಿಲ್ಲ, ಹಾಗಾಗಿ ಈ ರೆಕಾರ್ಡಿನ ಮೇಲೆ ನನಗೆ ವಿಶೇಷ ಆಸೆ.

ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ಅರ್ಧಕ್ಕೆ ಬಂದಾಗ ಮೆಲ್ಲಗೆ, "ಪುಟ್ಟಿ, ಈ ಹುಡುಗಿ ಏನೋ ಬೇಡ ಅಂತಿದಾಳೆ ಅಲ್ವಾ?" ಅಂದರು.

"ಹೂಂ ಅಮ್ಮ. ನನಗಿನ್ನೂ ವಯಸ್ಸು ಬಂದಿಲ್ಲ ಅಂತಿದಾಳೆ. ಪ್ರೀತಿಸೋಕೆ."

ಅಮ್ಮನಿಗೆ ಇಟಾಲಿಯನ್ನಿನ ಒಂದಕ್ಷರವೂ ಬರೋದಿಲ್ಲ. ದನಿಯಲ್ಲೇ ಗೊತ್ತಾಯಿತು. ಯಾವುದೇ ಭಾಷೆ ಇರಲಿ, ಹಾಡುವವರು ತಮ್ಮ ಮನೆ ಮಾತಿನಲ್ಲಿ ಹಾಡಿದಾಗ ದನಿಗೆ ಬರುವ ಸಲಿಗೆಯೇ ಬೇರೆ. ಈ ಪೆಟ್ಟಿಗೆಯಲ್ಲಿ ನಾನು ಹುಡುಕೋದು ಅದನ್ನೇ. 1977ರಿಂದ 1998ರವರೆಗೆ ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕು ಅಂತ ನಿಯಮ ಇತ್ತು. 1999ರಲ್ಲಿ ಅದನ್ನು ತೆಗೆದರು. ಆಮೇಲೆ ಗೆದ್ದ ಹಾಡುಗಳಲ್ಲಿ ಇಂಗ್ಲಿಷಿನವೇ ಜಾಸ್ತಿ. 1982ರಲ್ಲಿ ಜರ್ಮನಿಗೆ ಮೊದಲ ಗೆಲುವು ತಂದ 17ರ ನಿಕೋಲ್, ಗಿಟಾರ್ ಹಿಡಿದು ಜರ್ಮನ್‌ನಲ್ಲಿ ಸ್ವಲ್ಪ ಶಾಂತಿ ಕೇಳಿದ ಹಾಡು ಈ ಪೆಟ್ಟಿಗೆಯಲ್ಲಿ ಯಾವಾಗಲೂ ಎರಡು ಮೂರು ಪ್ರತಿ ಇರುತ್ತದೆ. ಬೆಲೆಯೂ ಕಮ್ಮಿ. ಮೊದಲ ಸಲ ಹೋಗುವವರು ಅದರಿಂದ ಶುರು ಮಾಡಿ.

1974ರ ಚೀಟಿ ಹಿಂದೆ ನಿಧಾನವಾಗಿ ನೋಡಬೇಕು. ಅಬ್ಬಾ ತಂಡದ ‘ವಾಟರ್‌ಲೂ’ ಸ್ವೀಡನ್‌ನಲ್ಲಿ ಎರಡು ಥರ ಬಂತು. ಇಲ್ಲಿನ ಆಯ್ಕೆ ಸುತ್ತಿನಲ್ಲಿ ಅವರು ಹಾಡಿದ್ದು ಸ್ವೀಡಿಷ್‌ನಲ್ಲಿ. ಭಾಷೆಯ ಕಟ್ಟು ಆಗ ಸಡಿಲ ಇತ್ತು, ಹಾಗಾಗಿ ಬ್ರೈಟನ್‌ನ ಫೈನಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಹಾಡಿ 24 ಅಂಕ ತಗೊಂಡು ಗೆದ್ದರು. ಲೇಬಲ್ ತಿರುಗಿಸಿ ನೋಡಿ: ಹಿಂಬದಿಯಲ್ಲಿ ‘ಹನಿ ಹನಿ’ ಇದ್ದರೆ ಅದು ಸ್ವೀಡಿಷ್‌ದು, ‘ವಾಚ್ ಔಟ್’ ಇದ್ದರೆ ಇಂಗ್ಲಿಷ್‌ದು. ನಾನು ಸ್ವೀಡಿಷ್‌ದನ್ನು 80 ಕ್ರೋನರ್‌ಗೆ ತಗೊಂಡೆ, ತುಂಬಾ ಖುಷಿ ಇದೆ. ಅವತ್ತು ಎರಡನೇ ಸ್ಥಾನ ಬಂದದ್ದು ಯಾರಿಗೆ ಗೊತ್ತಾ? ಅದೇ ಜಿಲ್ಯೋಲಾ ಚಿಂಕ್ವೆತ್ತಿಗೆ. ಹತ್ತು ವರ್ಷ ಆದಮೇಲೆ ಇಟಲಿಗಾಗಿ ಮತ್ತೆ ಬಂದು ಹಾಡಿದ್ದರು. ಇದನ್ನು ಹೇಳಿದಾಗ ಅಮ್ಮ, "ಪಾಪ, ಅದನ್ನೂ ಹಾಕಿಸೇ" ಅಂದರು. ಇದು ಗೆದ್ದವರ ಪೆಟ್ಟಿಗೆ, ಆ ಹಾಡು ಇರಲಿಲ್ಲ. ಅಂಗಡಿಯವರು ಒಳಗೆ ಹೋಗಿ ಇಟಲಿಯ ರಾಶಿಯಲ್ಲಿ ಹತ್ತು ನಿಮಿಷ ಹುಡುಕಿದರು. ಸಿಗಲಿಲ್ಲ. ಆದರೆ ಹುಡುಕಿದರಲ್ಲ, ಅದು ನನಗೆ ದೊಡ್ಡದು.

ಕೊರತೆಯೂ ಇದೆ. 1991ರಲ್ಲಿ ಸ್ವೀಡನ್‌ಗಾಗಿ ಗೆದ್ದ ಕರೋಲಾ ಆದಮೇಲೆ ಪೆಟ್ಟಿಗೆ ಬಡವಾಗುತ್ತದೆ. ಸಿಡಿ ಕಾಲದ ಹಾಡುಗಳನ್ನು ಇವರು ಇಡೋದೇ ಇಲ್ಲ. 2012 ಮತ್ತು 2023, ಎರಡು ಸಲ ಗೆದ್ದ ಲೋರೀನ್ ಅವರದು ಕೇಳಿ ಬರುವ ಹುಡುಗರು ಬರಿಗೈಯಲ್ಲಿ ಹೋಗೋದನ್ನು ನೋಡಿದ್ದೇನೆ. ಚೀಟಿಗಳೆಲ್ಲ ಸ್ವೀಡಿಷ್‌ನಲ್ಲಿವೆ. ಭಾನುವಾರ, ಸೋಮವಾರ ರಜೆ. ನಗದು ತಗೊಳ್ಳೋದಿಲ್ಲ, ಕಾರ್ಡ್ ಇಟ್ಟುಕೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಇನ್ನು 1969. ಮ್ಯಾಡ್ರಿಡ್‌ನಲ್ಲಿ ಸ್ಪೇನ್, ಬ್ರಿಟನ್, ನೆದರ್‌ಲೆಂಡ್ಸ್, ಫ್ರಾನ್ಸ್ ನಾಲ್ಕಕ್ಕೂ 18 ಅಂಕ ಬಂತು. ಸಮ ಬಂದರೆ ಏನು ಮಾಡಬೇಕು ಅನ್ನೋ ನಿಯಮವೇ ಇರಲಿಲ್ಲ, ನಾಲ್ಕೂ ಗೆದ್ದವು. ಮುಂದಿನ ವರ್ಷ ಸ್ವೀಡನ್ ಸೇರಿ ಹಲವು ದೇಶ ಬರಲೇ ಇಲ್ಲ, ಉಳಿದದ್ದು 12. ಆಮೇಲೆ ನಿಯಮ ಮಾಡಿದರು. 1991ರಲ್ಲಿ ರೋಮ್‌ನಲ್ಲಿ ಕರೋಲಾ ಮತ್ತು ಫ್ರಾನ್ಸಿನ ಅಮೀನಾ ಇಬ್ಬರಿಗೂ 146 ಬಂದಾಗ, ಒಂದು ದೇಶ ಕೊಡಬಹುದಾದ ಅತಿ ಹೆಚ್ಚಿನ ಅಂಕ, ಅಂದರೆ 12, ಬಂದ ಸಲಗಳೂ ಸಮ ಆಗಿ, 10 ಅಂಕ ಎಷ್ಟು ಸಲ ಬಂತು ಅಂತ ಎಣಿಸಿ ಕರೋಲಾಗೆ ಕೊಟ್ಟರು. ನನಗೆ ನಾಲ್ವರು ಗೆದ್ದ ಆ ವರ್ಷವೇ ಇಷ್ಟ. ಸಲೋಮೆ, ಲುಲು, ಫ್ರಿದಾ ಬೊಕ್ಕಾರಾ, ಮೂವರದೂ ಈ ಪೆಟ್ಟಿಗೆಯಲ್ಲೇ ಸಿಕ್ಕವು. ನೆದರ್‌ಲೆಂಡ್ಸ್‌ನ ಲೆನ್ನಿ ಕುರ್ ಅವರ ‘ದೆ ಟ್ರುಬಡೂರ್’ ಒಂದು ಬಾಕಿ. ಊರೂರು ತಿರುಗುವ ಹಾಡುಗಾರನ ಕಥೆ ಅದು, ರಾಗ ಹಾಕಿದವರೂ ಅವರೇ. ಅಂಗಡಿಯವರು ನನ್ನ ನಂಬರ್ ಬರೆದಿಟ್ಟುಕೊಂಡಿದ್ದಾರೆ. ಆ ಕಡೆ ನೆದರ್‌ಲೆಂಡ್ಸ್‌ನಲ್ಲಿ ಇರುವ ಕನ್ನಡದವರು ಯಾರಾದರೂ ಸಂತೆಯಲ್ಲಿ ಕಂಡರೆ ದಯವಿಟ್ಟು ತಿಳಿಸಿ. ಗೀರು ಇದ್ದರೂ ಪರವಾಗಿಲ್ಲ.